ಹಿತ್ತಾಳೆ ತಲೆಯನ್ನು ಹುಡುಕಿಕೊಂಡು ಆಕ್ಸ್‌ಫರ್ಡಿಗೆ

ಲಂಡನ್ನಿನ ಪ್ಯಾಡಿಂಗ್‌ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಆಕ್ಸ್‌ಫರ್ಡ್ ಸಿಗುತ್ತದೆ. ಜೇನುಬಣ್ಣದ ಕಲ್ಲಿನ ಕಟ್ಟಡಗಳು, ಚೂಪು ಗೋಪುರಗಳು, ಗೋಡೆಗೆ ಒರಗಿಸಿಟ್ಟ ಸೈಕಲ್ಲುಗಳು, ಒಂದರ ಮಗ್ಗುಲಲ್ಲೇ ಇನ್ನೊಂದು ಕಾಲೇಜು. ಎಂಟು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಪಾಠ ಪ್ರವಚನ ನಡೆಯುತ್ತ ಬಂದಿರುವ ಊರಿದು. ಮಕ್ಕಳೊಂದಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಮೊದಲು ಹೋಗುವುದು ಕ್ರೈಸ್ಟ್ ಚರ್ಚ್ ಕಾಲೇಜಿಗೆ. 2001ರಲ್ಲಿ ತೆರೆಕಂಡ ಮೊದಲ ಹ್ಯಾರಿ ಪಾಟರ್ ಚಿತ್ರದಲ್ಲಿ ಕಾಣುವ ಕಲ್ಲಿನ ಮೆಟ್ಟಿಲುಗಳು ಅಲ್ಲಿವೆ. ಮಕ್ಕಳು ಆ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮಂತ್ರದಂಡ ಬೀಸಿದಂತೆ ಕೈ ಆಡಿಸುತ್ತಾರೆ.

ಆದರೆ ಹ್ಯಾರಿ ಪಾಟರ್ ಹುಟ್ಟುವುದಕ್ಕೆ ನಾಲ್ಕು ಶತಮಾನ ಮೊದಲೇ ಈ ಊರಿಗೆ ತನ್ನದೇ ಆದ ಒಂದು ಮಾಯಾವಸ್ತು ಇತ್ತು. ಅದು ಮಾತನಾಡುವ ಹಿತ್ತಾಳೆ ತಲೆ. ಅದನ್ನು ಮಾಡಿದವನೆಂದು ಜನ ಹೇಳಿದ್ದು ಯಾವುದೋ ಮಂತ್ರವಾದಿಯ ಹೆಸರನ್ನಲ್ಲ, ಹದಿಮೂರನೆಯ ಶತಮಾನದಲ್ಲಿ ನಿಜವಾಗಿ ಬದುಕಿದ್ದ ಒಬ್ಬ ವಿದ್ವಾಂಸನ ಹೆಸರನ್ನು. ಆತ ರೋಜರ್ ಬೇಕನ್. ಬೆಳಕು, ಕಣ್ಣು, ಕಾಮನಬಿಲ್ಲು, ಪಂಚಾಂಗ ಇವುಗಳ ಬಗ್ಗೆ ಬರೆದ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ. ತಲೆ ಎಂದೂ ಇರಲಿಲ್ಲ. ಆದರೂ ಆ ತಲೆಯ ಜಾಡು ಹಿಡಿದು ಊರಿನ ದಕ್ಷಿಣದ ಸೇತುವೆಯಿಂದ ಉತ್ತರದ ವಸ್ತುಸಂಗ್ರಹಾಲಯದವರೆಗೆ ಎರಡು ಕಿಲೋಮೀಟರಿನಷ್ಟು ನಡೆದರೆ ವಿಜ್ಞಾನದ ಕಥೆಯೇ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ.

ಏಳು ವರ್ಷದ ದುಡಿಮೆ, ಒಂದು ರಾತ್ರಿಯ ನಿದ್ದೆ

ಮೊದಲು ಕಥೆಯನ್ನು ಕೇಳೋಣ. ಇಂಗ್ಲೆಂಡಿನ ಮೇಲೆ ಶತ್ರುಗಳು ಮತ್ತೆ ಮತ್ತೆ ದಂಡೆತ್ತಿ ಬರುವುದನ್ನು ಕಂಡ ಬೇಕನ್‌ಗೆ ದೇಶದ ಸುತ್ತ ಹಿತ್ತಾಳೆಯ ಕೋಟೆಯನ್ನೇ ಕಟ್ಟಿಬಿಡಬೇಕೆಂಬ ಆಸೆ ಹುಟ್ಟಿತಂತೆ. ಹೇಗೆ ಕಟ್ಟುವುದು? ಅದನ್ನು ಹೇಳಬಲ್ಲ ಒಂದು ತಲೆಯನ್ನೇ ಮಾಡಿಬಿಟ್ಟರೆ? ಜೊತೆಗಾರ ಬಂಗೆ ಎಂಬ ಸನ್ಯಾಸಿಯೊಡನೆ ಏಳು ವರ್ಷ ದುಡಿದು, ಮನುಷ್ಯನ ತಲೆಯ ಒಳಗೆ ಏನೇನಿದೆಯೋ ಅದನ್ನೆಲ್ಲ ಹಿತ್ತಾಳೆಯಲ್ಲಿ ಮಾಡಿ ಜೋಡಿಸಿದ. ತಲೆ ಮಾತಾಡಲಿಲ್ಲ. ಕೊನೆಗೆ ಒಂದು ಪಿಶಾಚಿಯನ್ನು ಕರೆದು ಕೇಳಿದಾಗ, ಒಂದು ತಿಂಗಳೊಳಗೆ ಅದು ಮಾತಾಡುತ್ತದೆ, ಯಾವಾಗ ಎಂದು ಹೇಳಲಾರೆ, ಆ ಮಾತನ್ನು ಕೇಳಿಸಿಕೊಳ್ಳದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎಂದಿತು.

ಇಬ್ಬರೂ ಹಗಲೂ ರಾತ್ರಿ ಕಾದರು. ಮೂರು ವಾರ ಕಳೆಯುವ ಹೊತ್ತಿಗೆ ಕಣ್ಣೆವೆ ತೂಗತೊಡಗಿತು. ಆಳು ಮೈಲ್ಸ್‌ನನ್ನು ಕಾವಲಿಗೆ ಕೂರಿಸಿ, ತಲೆ ಮಾತಾಡಿದ ಕೂಡಲೇ ಎಬ್ಬಿಸು ಎಂದು ಹೇಳಿ ಮಲಗಿದರು. ಸ್ವಲ್ಪ ಹೊತ್ತಿನಲ್ಲೇ ತಲೆ ಬಾಯಿ ಬಿಟ್ಟಿತು. ಕಾಲ ಒದಗಿದೆ ಎಂಬರ್ಥದ ಒಂದು ಚಿಕ್ಕ ಮಾತು, ಅಷ್ಟೇ. ಇಷ್ಟಕ್ಕೆಲ್ಲ ಯಜಮಾನರನ್ನು ಎಬ್ಬಿಸುವುದೇ ಎಂದು ಮೈಲ್ಸ್ ನಕ್ಕು ಹಾಡು ಹೇಳುತ್ತ ಕೂತ. ಅರ್ಧ ಗಂಟೆಯ ಬಳಿಕ ತಲೆ ಇನ್ನೊಮ್ಮೆ ನುಡಿಯಿತು: ಕಾಲ ಜಾರಿತು ಎಂಬಂತೆ. ಆಗಲೂ ಅವನು ಎಬ್ಬಿಸಲಿಲ್ಲ. ಮತ್ತೆ ಅರ್ಧ ಗಂಟೆ ಕಳೆದು ಮೂರನೆಯ ಮಾತು ಬಂತು. ಕಾಲ ಮುಗಿದುಹೋಯಿತು ಎಂದು ಹೇಳಿದ ತಲೆ ದೊಡ್ಡ ಸದ್ದಿನೊಡನೆ ಉರುಳಿ ಚೂರುಚೂರಾಯಿತು. ಗುರುಗಳಿಬ್ಬರೂ ಎದ್ದು ನೋಡಿದರೆ ನೆಲದ ತುಂಬ ಹಿತ್ತಾಳೆಯ ತುಣುಕುಗಳು.

ಈ ಕಥೆ ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನೆಮಾತಾಗಿತ್ತು. 1590ರ ಆಸುಪಾಸಿನಲ್ಲಿ ರಾಬರ್ಟ್ ಗ್ರೀನ್ ಇದನ್ನು ನಾಟಕ ಮಾಡಿದ; 1594ರಲ್ಲಿ ಅದು ಅಚ್ಚಾಯಿತು. ನಮ್ಮಲ್ಲಿ ಭೋಜರಾಜನಿಗೆ ಸಿಂಹಾಸನದ ಮೆಟ್ಟಿಲ ಮೇಲೆ ಕಥೆ ಹೇಳಿದ ಮೂವತ್ತೆರಡು ಗೊಂಬೆಗಳಂತೆ ಅಲ್ಲಿನ ಜನರಿಗೆ ಈ ತಲೆ. ವ್ಯತ್ಯಾಸ ಒಂದೇ. ನಮ್ಮ ಗೊಂಬೆಗಳು ಕೇಳುವವನು ಯೋಗ್ಯನೇ ಎಂದು ಪರೀಕ್ಷಿಸಿದವು. ಆಕ್ಸ್‌ಫರ್ಡಿನ ತಲೆ ಕೇಳುವವನು ಎಚ್ಚರವಾಗಿದ್ದಾನೆಯೇ ಎಂದು ಪರೀಕ್ಷಿಸಿತು.

ಸೇತುವೆಯ ಮೇಲಿನ ಕೋಣೆ

ಜಾಡು ಶುರುವಾಗುವುದು ಊರಿನ ದಕ್ಷಿಣ ಅಂಚಿನ ಫಾಲಿ ಬ್ರಿಜ್‌ನಲ್ಲಿ. ಕೆಳಗೆ ಥೇಮ್ಸ್ ನದಿ. ಲಂಡನ್ನಿನಲ್ಲಿ ಅಗಲವಾಗಿ ಹರಿಯುವ ಅದೇ ನದಿ ಇಲ್ಲಿ ಚಿಕ್ಕದು. ದೋಣಿ ಹುಟ್ಟು ಹಾಕುವ ವಿದ್ಯಾರ್ಥಿಗಳು, ಬಾತುಕೋಳಿಗಳು. ಈಗಿರುವ ಸೇತುವೆ 1820ರ ದಶಕದಲ್ಲಿ ಕಟ್ಟಿದ್ದು. ಅದಕ್ಕೂ ಮುಂಚಿನ ಹಳೆಯ ಸೇತುವೆಯ ಮೇಲೆ ಒಂದು ಕಮಾನು ಗೋಪುರವಿತ್ತು. ಜನ ಅದನ್ನು ‘ಬೇಕನ್ ಸನ್ಯಾಸಿಯ ಓದುಕೋಣೆ’ ಎನ್ನುತ್ತಿದ್ದರು. ಬೇಕನ್ ಅಲ್ಲಿಂದ ನಕ್ಷತ್ರಗಳನ್ನು ನೋಡುತ್ತಿದ್ದನೆಂಬ ಪ್ರತೀತಿ. ದಿನಚರಿ ಬರೆದು ಹೆಸರಾದ ಸ್ಯಾಮ್ಯುಯಲ್ ಪೆಪಿಸ್ 1668ರಲ್ಲಿ ಆಕ್ಸ್‌ಫರ್ಡಿಗೆ ಬಂದಾಗ ಈ ಕೋಣೆಯನ್ನು ಹತ್ತಿ ನೋಡಿದ, ತೋರಿಸಿದವನಿಗೆ ಕಾಸನ್ನೂ ಕೊಟ್ಟ. ಅಂದರೆ ಮೂರೂವರೆ ಶತಮಾನದ ಹಿಂದೆಯೇ ಇದು ಪ್ರವಾಸಿ ತಾಣ.

ಬೇಕನ್‌ಗಿಂತ ದೊಡ್ಡ ವಿದ್ವಾಂಸ ಈ ಕಮಾನಿನ ಕೆಳಗೆ ನಡೆದರೆ ಅದು ಕುಸಿದು ಬೀಳುತ್ತದೆ ಎಂಬ ಮಾತೂ ಇತ್ತು. ಸಾವಿರಾರು ಪಂಡಿತರು ಹಾದುಹೋದರೂ ಗೋಪುರ ಅಲುಗಲಿಲ್ಲ. ಕೊನೆಗೆ 1779ರಲ್ಲಿ ಅದನ್ನು ಕೆಡವಿದ್ದು ಯಾರ ವಿದ್ವತ್ತೂ ಅಲ್ಲ, ರಸ್ತೆ ಅಗಲ ಮಾಡುವವರ ಗುದ್ದಲಿ! ಇಂದು ಆ ಜಾಗದಲ್ಲಿ ಬಸ್ಸುಗಳು ಓಡಾಡುತ್ತವೆ.

ಅಂಗಡಿಗಳ ಅಡಿಯಲ್ಲಿ ಮಠ

ಸೇತುವೆಯಿಂದ ಉತ್ತರಕ್ಕೆ ಸೇಂಟ್ ಆಲ್ಡೇಟ್ಸ್ ರಸ್ತೆಯಲ್ಲಿ ನಡೆದು, ಊರಿನ ನಡುವಿನ ಕಾರ್‌ಫ್ಯಾಕ್ಸ್ ವೃತ್ತಕ್ಕೆ ಮುನ್ನ ಎಡಕ್ಕೆ ಹೊರಳಿದರೆ ವೆಸ್ಟ್‌ಗೇಟ್ ಎಂಬ ದೊಡ್ಡ ಅಂಗಡಿ ಸಂಕೀರ್ಣ. ಬಟ್ಟೆ, ಪಾದರಕ್ಷೆ, ಫೋನು, ಐಸ್‌ಕ್ರೀಮು. ಈ ಜಾಗದಲ್ಲೇ ಒಂದು ಕಾಲಕ್ಕೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠವಿತ್ತು. ಬೂದುಬಣ್ಣದ ನಿಲುವಂಗಿ ತೊಡುತ್ತಿದ್ದ ಅವರು ಆಕ್ಸ್‌ಫರ್ಡಿಗೆ ಬಂದದ್ದು 1224ರಲ್ಲಿ. ಎಂಟನೆಯ ಹೆನ್ರಿಯ ಕಾಲದಲ್ಲಿ, 1538ರಲ್ಲಿ, ಮಠವನ್ನು ಮುಚ್ಚಿಸಲಾಯಿತು; ಕಲ್ಲುಗಳು ಬೇರೆ ಕಟ್ಟಡಗಳ ಪಾಲಾದವು. ಈಗಿನ ಅಂಗಡಿ ಸಂಕೀರ್ಣ 2017ರಲ್ಲಿ ತೆರೆಯುವ ಮುನ್ನ ಪುರಾತತ್ವಜ್ಞರು ಇಲ್ಲಿ ನೆಲ ಅಗೆದು ಮಠದ ಅವಶೇಷಗಳನ್ನು ದಾಖಲಿಸಿಕೊಂಡರು. ಬೇಕನ್‌ನ ಸಮಾಧಿಯೂ ಈ ಮಠದಲ್ಲೇ ಇತ್ತೆಂದು ಹೇಳುತ್ತಾರೆ. ಗುರುತು ಉಳಿದಿಲ್ಲ; ಅವನ ಹೆಸರಿನ ಫಲಕವೊಂದು ಹತ್ತಿರದಲ್ಲಿದೆ.

ಈ ಫಲಕದ ಮನುಷ್ಯ ಕಥೆಯ ಮನುಷ್ಯನಿಗಿಂತ ಬೇರೆ. ಹುಟ್ಟಿದ್ದು 1214ರಲ್ಲಿ ಎಂದು ಕೆಲವರು, 1220ರಲ್ಲಿ ಎಂದು ಇನ್ನು ಕೆಲವರು. ತೀರಿಕೊಂಡದ್ದು 1292ರ ಸುಮಾರಿಗೆ. ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಅರಿಸ್ಟಾಟಲನ ಗ್ರಂಥಗಳನ್ನು ಪಾಠ ಹೇಳಿದ. ಆಮೇಲೆ ಅರಬ್ಬಿ ವಿದ್ವಾಂಸ ಇಬ್ನ್ ಅಲ್ ಹೈತಮ್ ಬೆಳಕಿನ ಬಗ್ಗೆ ಬರೆದ ಗ್ರಂಥದ ಲ್ಯಾಟಿನ್ ಅನುವಾದ ಅವನ ಕಣ್ಣು ತೆರೆಸಿತು. ಪುಸ್ತಕ, ಉಪಕರಣ, ಪ್ರಯೋಗ, ಭಾಷೆ ಕಲಿಕೆ ಇವುಗಳಿಗಾಗಿ ಇಪ್ಪತ್ತು ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೌಂಡು ಖರ್ಚು ಮಾಡಿದ್ದಾಗಿ ತಾನೇ ಬರೆದುಕೊಂಡಿದ್ದಾನೆ. ಆ ಕಾಲಕ್ಕೆ ಅದು ಒಂದು ಆಸ್ತಿ.

ಗೋಳದಿಂದ ಕತ್ತರಿಸಿದ ತುಂಡಿನಂತಿರುವ ಗಾಜನ್ನು ಅಕ್ಷರಗಳ ಮೇಲಿಟ್ಟರೆ ಅವು ದೊಡ್ಡದಾಗಿ ಕಾಣುತ್ತವೆ, ಮುದುಕರಿಗೂ ಕಣ್ಣು ಮಂಜಾದವರಿಗೂ ಇದರಿಂದ ಉಪಕಾರ ಎಂದು ಆತ ವಿವರಿಸಿದ. ಮೂಗಿನ ಮೇಲೆ ಕೂರುವ ಕನ್ನಡಕ ಇಟಲಿಯಲ್ಲಿ ಕಾಣಿಸಿಕೊಂಡದ್ದು ಅದಾದ ಸುಮಾರು ಇಪ್ಪತ್ತು ವರ್ಷಗಳ ನಂತರ. ಕಾಮನಬಿಲ್ಲು ದಿಗಂತದಿಂದ ಗರಿಷ್ಠ 42 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತದೆ ಎಂದು ಬರೆದ. ಇಂದಿಗೂ ಭೌತವಿಜ್ಞಾನದ ಪುಸ್ತಕದಲ್ಲಿ ಇರುವ ಅಂಕಿ ಅದೇ. ಹೆಬ್ಬೆರಳಿನಷ್ಟು ಗಾತ್ರದ, ಸಿಡಿದಾಗ ಗುಡುಗನ್ನೂ ಮೀರಿಸುವ ಮಕ್ಕಳ ಆಟಿಕೆಯೊಂದನ್ನು ವರ್ಣಿಸಿದ. ನಾವು ಪಟಾಕಿ ಎನ್ನುವುದು ಅದನ್ನೇ. ಯುರೋಪಿನ ಬರಹಗಳಲ್ಲಿ ಸಿಡಿಮದ್ದಿನ ಉಲ್ಲೇಖಗಳಲ್ಲಿ ಇದು ಅತಿ ಹಳೆಯವುಗಳ ಸಾಲಿಗೆ ಸೇರಿದ್ದು.

ಎಲ್ಲಕ್ಕಿಂತ ಮುಖ್ಯವಾಗಿ, ನೋಡಿ ನಂಬು ಎಂದ. ವಜ್ರವನ್ನು ಒಡೆಯಲು ಹೋತದ ರಕ್ತವೇ ಬೇಕು ಎಂದು ಆಗಿನ ವಿದ್ವಾಂಸರೆಲ್ಲ ಒಬ್ಬರನ್ನೊಬ್ಬರು ನೋಡಿ ಬರೆಯುತ್ತಿದ್ದರು. ರಕ್ತವಿಲ್ಲದೆಯೂ ವಜ್ರವನ್ನು ಒಡೆಯುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬೇಕನ್ ಬರೆದ. ಬೆಂಕಿ ಸುಡುತ್ತದೆ ಎಂಬುದನ್ನು ವಾದದಿಂದ ಸಾಧಿಸಬಹುದು, ಆದರೆ ಬೆಂಕಿಯನ್ನೇ ಕಾಣದವನ ಮನಸ್ಸಿಗೆ ಸಮಾಧಾನವಾಗುವುದು ಅದು ಸುಡುವುದನ್ನು ಕಂಡ ಮೇಲೆಯೇ ಎಂಬುದು ಅವನ ನಿಲುವು.

ಹಾಗೆಂದು ಬೇಕನ್‌ನನ್ನು ಇಂದಿನ ವಿಜ್ಞಾನಿ ಎಂದುಕೊಂಡರೆ ತಪ್ಪಾದೀತು. ಗ್ರಹಗಳ ಪ್ರಭಾವವನ್ನು ಆತ ನಂಬಿದ್ದ, ರಸವಿದ್ಯೆಯನ್ನೂ ನಂಬಿದ್ದ. ಇತರರ ಪುಸ್ತಕಗಳಿಂದ ತೆಗೆದುಕೊಂಡದ್ದೂ ಬಹಳ. ಆದರೆ ಮಂತ್ರ, ಮಾಟ, ತಾಯಿತಗಳನ್ನು ತೋರಿಸಿ ಜನರನ್ನು ಮರುಳುಮಾಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಅವನ ಹೆಸರಿನಲ್ಲಿರುವ ಒಂದು ಪತ್ರರೂಪದ ಬರಹದ ವಸ್ತುವೇ, ಪ್ರಕೃತಿ ಮತ್ತು ಮನುಷ್ಯನ ಕೈಚಳಕದ ಮುಂದೆ ಮಾಟ ಶೂನ್ಯ ಎಂಬುದು. ಹುಟ್ಟು ಹಾಕುವವರಿಲ್ಲದೆ ಸಾಗುವ ಹಡಗು, ಪ್ರಾಣಿ ಎಳೆಯದೆ ಓಡುವ ಗಾಡಿ, ಹಾರುವ ಯಂತ್ರ ಇವೆಲ್ಲ ಸಾಧ್ಯ, ಅದಕ್ಕೆ ಪಿಶಾಚಿಯ ನೆರವು ಬೇಡ ಎಂದು ಆ ಬರಹ ಹೇಳುತ್ತದೆ. ಅಂಥವನ ತಲೆಗೇ ಜನ ಪಿಶಾಚಿಯ ಕಥೆಯನ್ನು ಕಟ್ಟಿದ್ದು ವಿಪರ್ಯಾಸವೇ ಸರಿ.

ನಿದ್ದೆ ಮಾಡಿದವರು ಯಾರು?

ಕಥೆಯಲ್ಲಿ ಬೇಕನ್ ಮಲಗಿದ್ದ, ಕಾಲ ಕೈತಪ್ಪಿತು. ಚರಿತ್ರೆಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ.

1266ರಲ್ಲಿ ಪೋಪ್ ನಾಲ್ಕನೆಯ ಕ್ಲೆಮೆಂಟ್ ಬೇಕನ್‌ಗೆ ಪತ್ರ ಬರೆದು, ನಿನ್ನ ವಿಚಾರಗಳನ್ನು ಗುಟ್ಟಾಗಿ ನನಗೆ ಕಳುಹಿಸು ಎಂದರು. ಮೇಲಿನವರ ಅನುಮತಿಯಿಲ್ಲದೆ ಪುಸ್ತಕ ಹೊರಗೆ ಕಳುಹಿಸಬಾರದೆಂದು ಸನ್ಯಾಸಿಗಳ ಪಂಥದಲ್ಲಿ ಕಟ್ಟಪ್ಪಣೆ ಇದ್ದ ಕಾಲ. ಬೇಕನ್ ಒಂದೇ ಉಸಿರಿಗೆ ಕುಳಿತು ‘ಓಪಸ್ ಮಾಯುಸ್’, ಅಂದರೆ ‘ಮಹಾಗ್ರಂಥ’, ಬರೆದು ಮುಗಿಸಿದ್ದು 1267ರ ಹೊತ್ತಿಗೆ. ಭಾಷೆ, ಗಣಿತ, ಬೆಳಕು, ಪ್ರಯೋಗ, ನೀತಿ ಎಲ್ಲವೂ ಅದರಲ್ಲಿದ್ದವು. ಪುಸ್ತಕ ರೋಮಿನ ಕಡೆ ಹೊರಟಿತು. 1268ರಲ್ಲಿ ಪೋಪ್ ತೀರಿಕೊಂಡರು. ಅವರು ಅದನ್ನು ಓದಿ ಏನಾದರೂ ಮಾಡಿದರೆಂಬುದಕ್ಕೆ ಕುರುಹಿಲ್ಲ. ಆ ಗ್ರಂಥ ಅಚ್ಚಿನ ಮುಖ ಕಂಡದ್ದು 1733ರಲ್ಲಿ. ನಾಲ್ಕೂವರೆ ಶತಮಾನಕ್ಕೂ ಹೆಚ್ಚು ಕಾಲ ಅದು ಕೈಬರಹದ ಪ್ರತಿಗಳಲ್ಲೇ ಉಳಿಯಿತು.

ಆ ಗ್ರಂಥದಲ್ಲಿ ಬೇಕನ್ ಎಚ್ಚರಿಸಿದ್ದ ವಿಷಯಗಳಲ್ಲಿ ಒಂದು ಕಾಲದ್ದೇ. ಜೂಲಿಯಸ್ ಸೀಜರನ ಕಾಲದಿಂದ ಬಂದ ಪಂಚಾಂಗ ವರ್ಷಕ್ಕೆ 365¼ ದಿನ ಎಂದು ಎಣಿಸುತ್ತಿತ್ತು. ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ಯಾವ ಲೆಕ್ಕ ಎನ್ನಿಸಬಹುದು. ಆದರೆ ಹನಿಹನಿಗೂಡಿ ಹಳ್ಳ. ಸುಮಾರು 125 ವರ್ಷಕ್ಕೆ ಒಂದು ದಿನ ತಪ್ಪುತ್ತಿದೆ, ಹಬ್ಬಗಳನ್ನು ತಪ್ಪು ದಿನ ಆಚರಿಸುತ್ತಿದ್ದೇವೆ, ಸರಿಪಡಿಸಿ ಎಂದು ಬೇಕನ್ ಒತ್ತಾಯಿಸಿದ. ಇಂದಿನ ಲೆಕ್ಕದಲ್ಲಿ ಅದು 128 ವರ್ಷ. ಹದಿಮೂರನೆಯ ಶತಮಾನದ ಸನ್ಯಾಸಿಗೆ ಮೂರು ವರ್ಷದ ವ್ಯತ್ಯಾಸ ಅವಮಾನವೇನಲ್ಲ!

ರೋಮ್ ಪಂಚಾಂಗವನ್ನು ಸರಿಪಡಿಸಿದ್ದು 1582ರಲ್ಲಿ, 315 ವರ್ಷಗಳ ಬಳಿಕ. ಅಕ್ಟೋಬರ್ 4ರ ಮರುದಿನವನ್ನು 15 ಎಂದು ಎಣಿಸಿ ಹತ್ತು ದಿನ ಕಳೆದರು. ಬೇಕನ್‌ನ ಸ್ವಂತ ನಾಡಾದ ಇಂಗ್ಲೆಂಡ್ ಇನ್ನೂ ಮಲಗಿತ್ತು. ಅದು ಹೊಸ ಪಂಚಾಂಗವನ್ನು ಒಪ್ಪಿದ್ದು 1752ರಲ್ಲಿ. ಅಷ್ಟರಲ್ಲಿ ಹನ್ನೊಂದು ದಿನ ಕಳೆಯಬೇಕಾಗಿ ಬಂತು. ಆ ವರ್ಷ ಸೆಪ್ಟೆಂಬರ್ 2ರ ಮರುದಿನ 14. ಬೇಕನ್‌ನ ಎಚ್ಚರಿಕೆಗೂ ಅವನ ದೇಶದ ಎಚ್ಚರಕ್ಕೂ ನಡುವೆ 485 ವರ್ಷ.

ಹಾಗಾದರೆ ನಿದ್ದೆ ಮಾಡಿದವರು ಯಾರು? ಕಾಲ ಒದಗಿದೆ, ಕಾಲ ಜಾರುತ್ತಿದೆ ಎಂದು ಹೇಳಿದ್ದು ಹಿತ್ತಾಳೆ ತಲೆಯಲ್ಲ, ಬೇಕನ್ನೇ. ಆಳು ಮೈಲ್ಸ್‌ನಂತೆ ನಕ್ಕು ಸುಮ್ಮನಾದವರು ಉಳಿದವರು.

ಬಾಗಿಲ ಮೇಲಿನ ಮೂಗು

ವೆಸ್ಟ್‌ಗೇಟ್‌ನಿಂದ ಹೈ ಸ್ಟ್ರೀಟ್ ದಾಟಿ ರ್‍ಯಾಡ್‌ಕ್ಲಿಫ್ ಚೌಕಕ್ಕೆ ಬಂದರೆ ಗುಮ್ಮಟದ ದೊಡ್ಡ ಗ್ರಂಥಾಲಯದ ಎದುರಿಗೆ ಬ್ರೇಸ್‌ನೋಸ್ ಕಾಲೇಜು. ಹೆಸರಿನ ಅರ್ಥ ‘ಹಿತ್ತಾಳೆ ಮೂಗು’. ಹೆಬ್ಬಾಗಿಲ ನೆತ್ತಿಯ ಮೇಲೆ ಮೂಗುಳ್ಳ ಒಂದು ಚಿಕ್ಕ ಮುಖವಿದೆ. ಹೊರಗಿನಿಂದಲೇ ತಲೆಯೆತ್ತಿ ನೋಡಬಹುದು. ಗ್ರೀನ್‌ನ ನಾಟಕದಲ್ಲಿ ಬೇಕನ್ ಈ ಕಾಲೇಜಿನವನು. ಹಿತ್ತಾಳೆ ತಲೆಗೂ ಹಿತ್ತಾಳೆ ಮೂಗಿಗೂ ನಂಟು ಬೆಳೆಸುವುದು ಕಥೆಗಾರನಿಗೆ ಸುಲಭ. ಆದರೆ ಕಾಲೇಜು ಸ್ಥಾಪನೆಯಾದದ್ದು 1509ರಲ್ಲಿ, ಬೇಕನ್ ತೀರಿಕೊಂಡು ಇನ್ನೂರು ವರ್ಷ ದಾಟಿದ ಮೇಲೆ. ಅವನ ಕಾಲದಲ್ಲಿ ಇದೇ ಹೆಸರಿನ ಒಂದು ವಿದ್ಯಾರ್ಥಿ ನಿವಾಸ ಮಾತ್ರ ಇಲ್ಲಿತ್ತು.

ಮೂಗಿನ ಕಥೆಯೂ ಸ್ವಾರಸ್ಯದ್ದೇ. ಮೂಲದ ಮೂಗು ಎಂದರೆ ಬಾಗಿಲು ತಟ್ಟಲು ಬಳಸುತ್ತಿದ್ದ, ಪ್ರಾಣಿಯ ಮುಖದಂತಿರುವ ಕಂಚಿನ ಬಳೆ. 1330ರ ದಶಕದಲ್ಲಿ ಮುನಿಸಿಕೊಂಡು ಊರು ಬಿಟ್ಟ ವಿದ್ಯಾರ್ಥಿಗಳು ಅದನ್ನೂ ಕಿತ್ತುಕೊಂಡು ದೂರದ ಸ್ಟ್ಯಾಮ್‌ಫರ್ಡ್ ಎಂಬ ಊರಿಗೆ ಹೋದರೆನ್ನುತ್ತಾರೆ. ವಿದ್ಯಾರ್ಥಿಗಳನ್ನು ದೊರೆ ಹಿಂದಕ್ಕೆ ಕರೆಸಿದ. ಬಳೆ ಮಾತ್ರ ಅಲ್ಲೇ ಉಳಿಯಿತು. 1890ರಲ್ಲಿ ಆ ಬಳೆಯಿದ್ದ ಮನೆ ಮಾರಾಟಕ್ಕೆ ಬಂದಾಗ ಕಾಲೇಜು ಇಡೀ ಮನೆಯನ್ನೇ ಕೊಂಡು ಬಳೆಯನ್ನು ಮರಳಿ ತಂದಿತು. ಈಗ ಅದು ಊಟದ ಹಜಾರದಲ್ಲಿ ಅಧ್ಯಾಪಕರ ಮೇಜಿನ ಮೇಲ್ಗಡೆ ಗೋಡೆಯಲ್ಲಿದೆ. ಇಲ್ಲದ ತಲೆಗೆ ಊರೆಲ್ಲ ಕಥೆ. ಇದ್ದ ಬಳೆಗೆ ಐದೂವರೆ ಶತಮಾನದ ವನವಾಸ.

ಹಿತ್ತಾಳೆ ತಲೆಯೂ ಬೇಕನ್‌ನ ಬಳಿಗೆ ಬರುವ ಮುನ್ನ ಬೇರೆ ಬೇರೆ ಮನೆ ಸುತ್ತಿ ಬಂದದ್ದು. ಹನ್ನೆರಡನೆಯ ಶತಮಾನದ ಚರಿತ್ರಕಾರ ಮಾಮ್ಸ್‌ಬರಿಯ ವಿಲಿಯಂ ಅದನ್ನು ಗೆರ್ಬೆರ್ ಎಂಬವನ ಹೆಸರಿಗೆ ಬರೆದ. ಗೆರ್ಬೆರ್ ಮುಂದೆ ಪೋಪ್ ಆದ ಮಹಾ ಗಣಿತಜ್ಞ. ಭಾರತದಲ್ಲಿ ಹುಟ್ಟಿ ಅರಬ್ಬರ ಮೂಲಕ ಸ್ಪೇನಿಗೆ ಬಂದಿದ್ದ ಅಂಕಿಗಳನ್ನು ಲೆಕ್ಕದ ಮಣೆಯ ಮೇಲೆ ಬಳಸಿ ತೋರಿಸಿದವರಲ್ಲಿ ಮೊದಲಿಗ. ಆಮೇಲೆ ತಲೆ ಜರ್ಮನಿಯ ಆಲ್ಬರ್ಟಸ್ ಮ್ಯಾಗ್ನಸ್‌ನ ಮನೆ ಸೇರಿತು. ಶಿಷ್ಯ ಥಾಮಸ್ ಅಕ್ವಿನಾಸ್ ಅದನ್ನು ಒಡೆದುಹಾಕಿದನೆಂದರು. ಹದಿನಾಲ್ಕನೆಯ ಶತಮಾನದ ಕೊನೆಗೆ ಕವಿ ಜಾನ್ ಗವರ್ ಅದನ್ನು ಆಕ್ಸ್‌ಫರ್ಡಿನ ಗುರು ರಾಬರ್ಟ್ ಗ್ರೋಸ್‌ಟೆಸ್ಟ್‌ಗೆ ಕೊಟ್ಟ. ಕೊನೆಗೆ ಬೇಕನ್. ಇವರೆಲ್ಲರ ನಡುವೆ ಸಾಮ್ಯವೊಂದಿದೆ. ಎಲ್ಲರೂ ಪರಭಾಷೆಯ, ಪರಧರ್ಮೀಯರ ಪುಸ್ತಕಗಳಿಂದ ಲೆಕ್ಕ, ಖಗೋಳ, ಬೆಳಕಿನ ವಿದ್ಯೆ ಕಲಿತವರು. ಅರ್ಥವಾಗದ ವಿದ್ಯೆಯನ್ನು ಕಂಡ ಜನ ಅದಕ್ಕೆ ಮಾಟ ಎಂದು ಹೆಸರಿಟ್ಟರು. 1615ರಲ್ಲಿ ಸ್ಪೇನಿನ ಸರ್ವಾಂಟಿಸ್ ತನ್ನ ‘ಡಾನ್ ಕ್ವಿಕ್ಸಾಟ್’ನ ಎರಡನೆಯ ಭಾಗದಲ್ಲಿ ಇಂಥದೇ ತಲೆಯೊಂದನ್ನು ತಂದು, ಕೆಳಗಿನ ಕೋಣೆಯಲ್ಲಿ ಕೂತವನೊಬ್ಬ ಕೊಳವೆಯ ಮೂಲಕ ಮಾತಾಡುತ್ತಿದ್ದ ಎಂದು ಗುಟ್ಟು ರಟ್ಟು ಮಾಡಿ ನಗಿಸಿದ.

ನಿಜವಾದ ಹಿತ್ತಾಳೆ

ಚೌಕದಿಂದ ಉತ್ತರಕ್ಕೆ ಎರಡು ನಿಮಿಷ ನಡೆದರೆ ಬ್ರಾಡ್ ಸ್ಟ್ರೀಟ್. ಅಲ್ಲಿ 1683ರಲ್ಲಿ ತೆರೆದ ಹಳೆಯ ಆಶ್ಮೋಲಿಯನ್ ಕಟ್ಟಡದಲ್ಲಿ ವಿಜ್ಞಾನ ಚರಿತ್ರೆಯ ವಸ್ತುಸಂಗ್ರಹಾಲಯವಿದೆ. ಹಿತ್ತಾಳೆ ನೋಡಬೇಕೆಂದು ಬಂದವರು ಇಲ್ಲಿ ನಿರಾಶರಾಗುವುದಿಲ್ಲ. ಗಾಜಿನ ಪೆಟ್ಟಿಗೆಗಳ ತುಂಬ ಹೊಳೆಯುವ ಆಸ್ಟ್ರೋಲೇಬುಗಳು. ಊಟದ ತಟ್ಟೆಯಂಥ ಈ ಹಿತ್ತಾಳೆ ಫಲಕಗಳ ಮೇಲೆ ಆಕಾಶವನ್ನೇ ಕೊರೆದಿರುತ್ತಾರೆ. ನಕ್ಷತ್ರದ ಎತ್ತರ ಅಳೆದು, ಮೇಲಿನ ಜಾಲರಿ ತಿರುಗಿಸಿದರೆ ಗಂಟೆ ಎಷ್ಟಾಯಿತೆಂದು ತಿಳಿಯುತ್ತದೆ. ಇಂಥ ಉಪಕರಣಗಳ ಜಗತ್ತಿನ ಅತಿ ದೊಡ್ಡ ಸಂಗ್ರಹಗಳಲ್ಲಿ ಇದೂ ಒಂದು. ಮೊಘಲರ ಕಾಲದ ಲಾಹೋರಿನ ಕುಶಲಕರ್ಮಿಗಳು ಮಾಡಿದವೂ ಇಲ್ಲಿವೆ. 1931ರಲ್ಲಿ ಐನ್‌ಸ್ಟೀನ್ ಉಪನ್ಯಾಸ ಕೊಟ್ಟಾಗ ಬರೆದ ಕಪ್ಪುಹಲಗೆಯನ್ನೂ ಅಳಿಸದೆ ಉಳಿಸಿಕೊಂಡಿದ್ದಾರೆ.

ಕಾಲ ಎಷ್ಟಾಯಿತು ಎಂದು ಹೇಳುವ ಹಿತ್ತಾಳೆ! ಕಥೆಯ ತಲೆ ಹೇಳಿದ್ದೂ ಅದನ್ನೇ ಅಲ್ಲವೇ? ಒಂದೇ ವ್ಯತ್ಯಾಸ. ಆಸ್ಟ್ರೋಲೇಬು ತಾನಾಗಿ ಬಾಯಿ ಬಿಡುವುದಿಲ್ಲ. ಕೈಯಲ್ಲಿ ಹಿಡಿದು, ಕಣ್ಣು ಕೂಡಿಸಿ, ಲೆಕ್ಕ ಹಾಕಿದವನಿಗೆ ಮಾತ್ರ ಉತ್ತರ. ಮಲಗಿದವನಿಗೆ ಅದು ಬರೀ ಲೋಹ.

ಉತ್ತರ ಕೊಟ್ಟ ತಲೆ

ಅಲ್ಲಿಂದ ಪಾರ್ಕ್ಸ್ ರಸ್ತೆ ಹಿಡಿದು ಹತ್ತು ನಿಮಿಷ ನಡೆದರೆ ಜಾಡು ಮುಗಿಯುತ್ತದೆ. 1860ರಲ್ಲಿ ತೆರೆದ ನಿಸರ್ಗ ವಿಜ್ಞಾನದ ವಸ್ತುಸಂಗ್ರಹಾಲಯ; ಕಬ್ಬಿಣದ ಕಂಬಗಳ ಮೇಲೆ ಗಾಜಿನ ಚಾವಣಿ, ಕೆಳಗೆ ಡೈನೋಸಾರುಗಳ ಅಸ್ಥಿಪಂಜರ. ಸುತ್ತಲೂ ಅರಿಸ್ಟಾಟಲ್, ಗೆಲಿಲಿಯೋ, ನ್ಯೂಟನ್, ಡಾರ್ವಿನ್ ಮೊದಲಾದವರ ಪ್ರತಿಮೆಗಳು. ಅವರ ಸಾಲಿನಲ್ಲಿ ಸನ್ಯಾಸಿಯ ಉಡುಪಿನಲ್ಲಿ ಬೇಕನ್ ನಿಂತಿದ್ದಾನೆ. ಸೇತುವೆಯ ಮೇಲಿನ ಮಂತ್ರವಾದಿಗೆ ವಿಜ್ಞಾನಿಗಳ ನಡುವೆ ಜಾಗ ಸಿಗಲು ಆರು ಶತಮಾನ ಹಿಡಿಯಿತು.

ಇದೇ ಸಂಗ್ರಹಾಲಯದ ಸೊತ್ತಿನಲ್ಲಿ ನಿಜವಾದ ತಲೆಯೊಂದಿದೆ. ಅದು ಹಿತ್ತಾಳೆಯದಲ್ಲ, ಡೋಡೋ ಹಕ್ಕಿಯದು. ಮಾರಿಷಸ್ ದ್ವೀಪದಲ್ಲಿದ್ದ ಈ ಹಾರಲಾರದ ಹಕ್ಕಿ ಹದಿನೇಳನೆಯ ಶತಮಾನದಲ್ಲಿ ಅಳಿದುಹೋಯಿತು. ಚರ್ಮದ ಸಮೇತ ಉಳಿದಿರುವ ಡೋಡೋ ತಲೆ ಜಗತ್ತಿನಲ್ಲಿ ಇದೊಂದೇ. ನೂರಾರು ವರ್ಷ ಅದು ಮೂಕವಾಗಿ ಬಿದ್ದಿತ್ತು. 2002ರಲ್ಲಿ ವಿಜ್ಞಾನಿಗಳು ಅದರಿಂದ ಡಿಎನ್‌ಎ ತೆಗೆದು, ನೀನು ಯಾರ ಸಂಬಂಧಿ ಎಂದು ಕೇಳಿದರು. ಡೋಡೋ ಒಂದು ಬಗೆಯ ಪಾರಿವಾಳವೆಂದೂ ಈಗ ಬದುಕಿರುವ ಹಕ್ಕಿಗಳಲ್ಲಿ ಅದಕ್ಕೆ ಹತ್ತಿರದ್ದು ನಿಕೋಬಾರ್ ಪಾರಿವಾಳವೆಂದೂ ಉತ್ತರ ಬಂತು. ನಮ್ಮ ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ ಇಂದಿಗೂ ಹಾರಾಡುವ ಹಕ್ಕಿ ಅದು. 2018ರಲ್ಲಿ ಸೂಕ್ಷ್ಮ ಎಕ್ಸ್‌ರೇ ಯಂತ್ರದಲ್ಲಿಟ್ಟು ನೋಡಿದಾಗ ತಲೆಯ ಹಿಂಭಾಗದಲ್ಲಿ ಸೀಸದ ಚರೆಗಳು ಕಂಡವು. ಯಾರೋ ಬಂದೂಕಿನಿಂದ ಹೊಡೆದಿದ್ದರು. ಸರಿಯಾಗಿ ಕೇಳಿದ್ದಕ್ಕೆ ತಲೆ ನಿಜವನ್ನೇ ಹೇಳಿತು.

ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ ಹೇಳುವ ತಲೆ ಸಿಕ್ಕರೆ ಎಷ್ಟು ಚೆನ್ನ ಎಂಬ ಆಸೆ ಹಳೆಯದು. ಪರೀಕ್ಷೆಯ ಹಿಂದಿನ ರಾತ್ರಿ ಯಾವ ವಿದ್ಯಾರ್ಥಿಗೆ ಅದು ಬರುವುದಿಲ್ಲ? ಮಗ ಮಗಳ ಅಂಕಪಟ್ಟಿ ನೋಡುವಾಗ ಯಾವ ತಂದೆತಾಯಿಗೆ ಬರುವುದಿಲ್ಲ? ಇಂದು ಜೇಬಿನ ಫೋನು ಕೂಡ ಪ್ರಶ್ನೆಗೆ ಮಾತಿನಲ್ಲೇ ಉತ್ತರ ಕೊಡುತ್ತದೆ. ಆದರೆ ಆ ಉತ್ತರ ನಿಜವೋ ಸುಳ್ಳೋ ಎಂದು ತೂಗಿ ನೋಡುವ ಕೆಲಸ ಕೇಳುವವನದೇ.

ಅದಕ್ಕೆ ಬೇಕಾದ ತಕ್ಕಡಿಯನ್ನು ಬೇಕನ್ ತನ್ನ ಮಹಾಗ್ರಂಥದ ಮೊದಲಲ್ಲೇ ಇಟ್ಟಿದ್ದಾನೆ. ಮನುಷ್ಯ ತಪ್ಪು ತಿಳಿಯುವುದಕ್ಕೆ ನಾಲ್ಕು ಕಾರಣ ಎಂಬುದು ಅವನ ಮಾತಿನ ಸಾರ. ದೊಡ್ಡವರೆನಿಸಿಕೊಂಡವರು ಹೇಳಿದರೆಂದು ಒಪ್ಪುವುದು, ಮೊದಲಿನಿಂದ ಹೀಗೇ ನಡೆದುಬಂದಿದೆ ಎಂದು ಸುಮ್ಮನಿರುವುದು, ನಾಲ್ಕು ಜನ ಹೇಳುತ್ತಾರೆಂದು ನಂಬುವುದು, ಗೊತ್ತಿಲ್ಲದ್ದನ್ನು ಮುಚ್ಚಿಕೊಂಡು ಗೊತ್ತಿರುವಂತೆ ನಟಿಸುವುದು. ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು ಎಂದು ಆತ ಭಾವಿಸಿದ್ದ.

ಆಕ್ಸ್‌ಫರ್ಡಿಗೆ ಹೋಗುವ ಅವಕಾಶ ಸಿಕ್ಕವರು ಈ ಎರಡು ಕಿಲೋಮೀಟರನ್ನು ನಡೆದೇ ನೋಡಬೇಕು. ಎರಡೂ ಸಂಗ್ರಹಾಲಯಗಳಿಗೆ ಪ್ರವೇಶ ಶುಲ್ಕವಿಲ್ಲ. ತೆರೆಯುವ ಸಮಯವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಬ್ರೇಸ್‌ನೋಸ್ ಕಾಲೇಜಿನ ಒಳಗೆ ಎಲ್ಲ ಹೊತ್ತಿನಲ್ಲೂ ಬಿಡುವುದಿಲ್ಲ, ಬಾಗಿಲ ಮೇಲಿನ ಮ���ಗನ್ನು ಮಾತ್ರ ಯಾವಾಗ ಬೇಕಾದರೂ ನೋಡಬಹುದು. ಹೋಗಲಾಗದವರು ಬೇಸರಪಡಬೇಕಿಲ್ಲ. ಮುಂದಿನ ಮಳೆಗಾಲದಲ್ಲಿ ಕಾಮನಬಿಲ್ಲು ಮೂಡಿದಾಗ ಕೋನಮಾಪಕವೊಂದನ್ನು ಹಿಡಿದು ಅಂಗಳಕ್ಕೆ ಬರಲಿ. ಬಿಲ್ಲಿನ ನೆತ್ತಿ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಲಿ. ಸೂರ್ಯ ಮುಳುಗುವ ಹೊತ್ತಾಗಿದ್ದರೆ ಅದು 42 ಡಿಗ್ರಿಯ ಹತ್ತಿರ ಇರುತ್ತದೆ. ಸೂರ್ಯ ಮೇಲಿದ್ದಷ್ಟೂ ಬಿಲ್ಲು ಕೆಳಗಿರುತ್ತದೆ. ಆದರೆ ಬೇಗ ಬರಬೇಕು. ಕಾಮನಬಿಲ್ಲು ಯಾರಿಗಾಗಿಯೂ ಅರ್ಧ ಗಂಟೆ ಕಾಯುವುದಿಲ್ಲ.